ಒಡೆಯನೋ ಒಕ್ಕಲೋ: ಕಲ್ಲುಹೂವಿನ ಒಳಗಿನ ಹಳೆಯ ವ್ಯಾಜ್ಯ

ದಿನಸಿ ಅಂಗಡಿಯಲ್ಲಿ ಮರಾಠಿ ಮೊಗ್ಗಿನ ಆಸುಪಾಸಿನ ಡಬ್ಬಿಯಲ್ಲಿ ಕಲ್ಲುಹೂವು ಇರುತ್ತದೆ. ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪು, ನೋಡಲು ಹರಿದ ಕಾಗದದ ಚೂರು. ಬಿಸಿ ಎಣ್ಣೆಗೆ ಬಿದ್ದಾಗಲೇ ಅದರ ಘಮ ಗೊತ್ತಾಗುವುದು. ಹೆಸರಿನಲ್ಲಿ ಹೂವಿದೆ, ಆದರೆ ಹೂವಲ್ಲ. ಕಲ್ಲಿದೆ, ಆದರೆ ಮರದ ತೊಗಟೆಯ ಮೇಲೂ ಬೆಳೆಯುತ್ತದೆ. ವಿಜ್ಞಾನದ ಪುಸ್ತಕಗಳಲ್ಲಿ ಅದಕ್ಕೆ ಲೈಕೆನ್ ಎಂದು ಹೆಸರು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಸಾಲು ನೆನಪಿರಬಹುದು: ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಸಹಜೀವನಕ್ಕೆ ಲೈಕೆನ್ ಉದಾಹರಣೆ. ಎರಡು ಅಂಕದ ಪ್ರಶ್ನೆ. ಈ ಒಂದು ಸಾಲಿನ ಹಿಂದೆ ನೂರೈವತ್ತು ವರ್ಷಗಳ ಜಗಳವಿದೆ, ಅದು ಇನ್ನೂ ಮುಗಿದಿಲ್ಲ ಎಂಬುದು ಎರಡು ಅಂಕದ ಉತ್ತರದಲ್ಲಿ ಹಿಡಿಸುವ ಸಂಗತಿಯಲ್ಲ. ನಾನು ಹೇಳಹೊರಟಿರುವುದು ಆ ಜಗಳದ ಕಥೆಯನ್ನು.

ಹದಿನೆಂಟನೇ ಶತಮಾನದ ಲಿನೇಯಸ್‌ಗೆ ಲೈಕೆನ್‌ಗಳ ಮೇಲೆ ಅಂಥ ಗೌರವವಿರಲಿಲ್ಲ. ಸಸ್ಯಲೋಕದ ಕಡುಬಡ ರೈತರೆಂದು ಅವನ್ನು ಮೂಲೆಗೆ ಸರಿಸಿದ. ಅವನ ಶಿಷ್ಯ, ಸ್ವೀಡನ್ನಿನ ಎರಿಕ್ ಅಕಾರಿಯಸ್, 1803ರಲ್ಲಿ ಮತ್ತು 1810ರಲ್ಲಿ ಪ್ರಕಟಿಸಿದ ಗ್ರಂಥಗಳಲ್ಲಿ ಅವಕ್ಕೊಂದು ಸ್ವಂತ ವ್ಯವಸ್ಥೆ ಕಟ್ಟಿಕೊಟ್ಟ. ಅಲ್ಲಿಂದ ಅರ್ಧ ಶತಮಾನ ಲೈಕೆನ್‌ಗಳು ಸ್ವತಂತ್ರ ಕುಲವಾಗಿಯೇ ಬಾಳಿದವು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದವರಿಗೆ ಬಣ್ಣವಿಲ್ಲದ ಎಳೆಗಳ ಹೆಣಿಗೆಯೊಳಗೆ ಹಸಿರು ಗುಂಡುಗಳ ಒಂದು ಪದರ ಕಾಣುತ್ತಿತ್ತು. ಅವಕ್ಕೆ ಗೊನಿಡಿಯ ಎಂದು ಹೆಸರಿಟ್ಟು, ಎಳೆಗಳ ತುದಿಯಿಂದಲೇ ಅವು ಹುಟ್ಟುತ್ತವೆ ಎಂದು ನಂಬಿದರು. ಮರಕ್ಕೆ ಎಲೆ ಬಂದಂತೆ ಎಳೆಗೆ ಹಸಿರು ಗುಂಡು. ಸಂಶಯಪಡಲು ಯಾರಿಗೂ ಕಾರಣವಿರಲಿಲ್ಲ.

ಆ ನಂಬಿಕೆಗೆ ಏಟು ಬಿದ್ದದ್ದು 1867ರ ಸೆಪ್ಟೆಂಬರ್‌ನಲ್ಲಿ. ಸ್ವಿಸ್ ನಿಸರ್ಗ ವಿಜ್ಞಾನಿಗಳ ವಾರ್ಷಿಕ ಸಭೆ ರೈನ್‌ಫೆಲ್ಡೆನ್ ಎಂಬ ಊರಿನಲ್ಲಿ ಸೇರಿತ್ತು. ಸೈಮನ್ ಶ್ವೆಂಡೆನರ್ ಎಂಬ ರೈತನ ಮಗ ಎದ್ದು ನಿಂತು, ಲೈಕೆನ್ ಒಂದು ಜೀವಿಯಲ್ಲ, ಎರಡು ಎಂದ. ಮ್ಯೂನಿಕ್‌ನಲ್ಲಿ ನೇಗೆಲಿ ಎಂಬ ಸಸ್ಯವಿಜ್ಞಾನಿಯ ಬಳಿ ಕೆಲಸ ಮಾಡಿದ್ದ ಇವನಿಗೆ ಆಗ 38 ವರ್ಷ. ಎಳೆಗಳು ಶಿಲೀಂಧ್ರದವು, ಹಸಿರು ಗುಂಡುಗಳು ಪಾಚಿಯವು, ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. 1869ರಲ್ಲಿ ಯಾವ ಲೈಕೆನ್‌ನಲ್ಲಿ ಯಾವ ಬಗೆಯ ಪಾಚಿಯಿದೆ ಎಂದು ಚಿತ್ರ ಸಮೇತ ಪುಸ್ತಕವನ್ನೇ ಹೊರತಂದ. ಅದೇ 1867ರಲ್ಲಿ ರಷ್ಯಾದ ಫಾಮಿಂತ್ಸಿನ್ ಮತ್ತು ಬಾರನೆಟ್ಸ್ಕಿ ಎಂಬಿಬ್ಬರು ಆ ಹಸಿರು ಕಣಗಳನ್ನು ಬೇರ್ಪಡಿಸಿ ಸಾಕಿ, ಅವು ತಮ್ಮ ಪಾಡಿಗೆ ತಾವು ಬದುಕಬಲ್ಲವು ಎಂದು ತೋರಿಸಿದ್ದರು. ಶ್ವೆಂಡೆನರನಿಗೆ ಬೇಕಾದ ಸಾಕ್ಷಿಯೇ ಅದು. ತಮಾಷೆಯೆಂದರೆ ಆ ಇಬ್ಬರು ಅದರಿಂದ ತೀರ ಬೇರೆಯದೇ ತೀರ್ಮಾನಕ್ಕೆ ಬಂದಿದ್ದರು: ಪಾಚಿ ಎಂದು ನಾವು ಕರೆಯುತ್ತಿದ್ದದ್ದೆಲ್ಲ ಬಹುಶಃ ಲೈಕೆನ್‌ನ ಬಿಡಿ ಭಾಗಗಳಿರಬಹುದು ಎಂದು!

ಶ್ವೆಂಡೆನರ್ ಸುಮ್ಮನೆ ಎರಡು ಜೀವಿಗಳೆಂದು ಹೇಳಿದ್ದರೆ ಇಷ್ಟು ಗಲಾಟೆಯಾಗುತ್ತಿತ್ತೋ ಇಲ್ಲವೋ. ಅವನು ರೂಪಕಗಳನ್ನು ಬಳಸಿದ. ಶಿಲೀಂಧ್ರ ಒಡೆಯ, ಪಾಚಿಗಳು ಗುಲಾಮರು. ಜೇಡ ನೊಣವನ್ನು ಸುತ್ತಿದಂತೆ ಶಿಲೀಂಧ್ರ ಪಾಚಿಯನ್ನು ಎಳೆಗಳಿಂದ ಸುತ್ತುತ್ತದೆ, ಆದರೆ ಕೊಲ್ಲುವುದಿಲ್ಲ, ದುಡಿಸಿಕೊಳ್ಳುತ್ತದೆ. ರಷ್ಯಾದಲ್ಲಿ ಜೀತ ಪದ್ಧತಿ ರದ್ದಾಗಿ ಎಂಟು ವರ್ಷ, ಅಮೆರಿಕದಲ್ಲಿ ಗುಲಾಮಗಿರಿಯ ಮೇಲಿನ ಯುದ್ಧ ಮುಗಿದು ನಾಲ್ಕು ವರ್ಷವಾಗಿದ್ದ ಹೊತ್ತಿನಲ್ಲಿ ಈ ಮಾತು ಓದಿದವರ ಕಿವಿಗೆ ಹೇಗೆ ಕೇಳಿಸಿರಬಹುದು ಎಂದು ಊಹಿಸಿ. ರೂಪಕ ವಿಜ್ಞಾನಕ್ಕೆ ಹೊರಗಿನ ಅಲಂಕಾರ ಎಂದು ನಾವು ಸಾಹಿತ್ಯದವರೇ ಎಷ್ಟೋ ಸಲ ಬಿಟ್ಟುಕೊಟ್ಟುಬಿಡುತ್ತೇವೆ. ಲೈಕೆನ್‌ನ ವಿಷಯದಲ್ಲಿ ಮುಂದಿನ ಒಂದೂವರೆ ಶತಮಾನದ ಸಂಶೋಧನೆಯ ಪ್ರಶ್ನೆಗಳನ್ನು ರೂಪಿಸಿದ್ದು ಈ ಒಡೆಯ–ಗುಲಾಮ ರೂಪಕವೇ ಎಂದು ನನ್ನ ಅನಿಸಿಕೆ.

ಸಿಟ್ಟಾದವರು ದಡ್ಡರಲ್ಲ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಫಿನ್ಲೆಂಡ್‌ನ ವಿಲಿಯಂ ನೈಲ್ಯಾಂಡರ್ ಆ ಕಾಲದ ಅತಿ ದೊಡ್ಡ ಲೈಕೆನ್ ತಜ್ಞ. ನಗರದೊಳಗೆ ಲೈಕೆನ್‌ಗಳು ಕಾಣೆಯಾಗುತ್ತಿರುವುದನ್ನೂ ಲಕ್ಸೆಂಬರ್ಗ್ ಉದ್ಯಾನದಲ್ಲಿ ಇನ್ನೂ ಉಳಿದಿರುವುದನ್ನೂ ಗಮನಿಸಿ, ಇವು ಗಾಳಿಯ ಶುದ್ಧತೆಯ ಅಳತೆಗೋಲು ಎಂದು 1866ರಲ್ಲೇ ಬರೆದಿದ್ದ. ಲೈಕೆನ್ ಮೇಲೆ ರಾಸಾಯನಿಕದ ಹನಿ ಬಿಟ್ಟು ಬಣ್ಣ ನೋಡಿ ಗುರುತಿಸುವ ವಿಧಾನವೂ ಅವನದೇ, ಇಂದಿಗೂ ಬಳಕೆಯಲ್ಲಿದೆ. ಇಂಥವನು 1899ರಲ್ಲಿ ಸಾಯುವವರೆಗೂ ಶ್ವೆಂಡೆನರ್‌ನನ್ನು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಜೇಮ್ಸ್ ಕ್ರೊಂಬಿ ಎಂಬ ಪಾದ್ರಿ, ಇದು ಸೆರೆಸಿಕ್ಕ ಪಾಚಿ ಕನ್ಯೆಗೂ ಕ್ರೂರಿ ಶಿಲೀಂಧ್ರ ಧಣಿಗೂ ಕಟ್ಟಿದ ಪ್ರೇಮಕಥೆ ಎಂದು ಲೇವಡಿ ಮಾಡಿದ. ಇವರ ಕಷ್ಟ ನನಗೆ ಅರ್ಥವಾಗುತ್ತದೆ. ಜೀವಮಾನವಿಡೀ ಒಂದು ಕುಲದ ವಂಶಾವಳಿ ಬರೆದವನಿಗೆ ಯಾರೋ ಬಂದು, ಸ್ವಾಮಿ, ಅಂಥ ಕುಲವೇ ಇಲ್ಲ, ನೀವು ಬರೆದದ್ದು ಎರಡು ಬೇರೆ ಮನೆತನದವರ ಕೂಡುಬಾಳನ್ನು ಎಂದರೆ?

ವಾದಕ್ಕಿಂತ ಪ್ರಯೋಗ ಮುಂದೆ ಹೋಯಿತು. ಫ್ರಾನ್ಸಿನ ಬೋರ್ನೆ 1873ರಲ್ಲಿ ಹತ್ತಾರು ಲೈಕೆನ್‌ಗಳಲ್ಲಿ ಶಿಲೀಂಧ್ರದ ಎಳೆ ಪಾಚಿಯನ್ನು ಹೇಗೆ ಹಿಡಿಯುತ್ತದೆಂದು ತೋರಿಸಿದ. 1877ರಲ್ಲಿ ಸ್ಟಾಲ್ ಎಂಬ ಜರ್ಮನ್ ಶಿಲೀಂಧ್ರದ ಬೀಜಕಣವನ್ನೂ ಪಾಚಿಯನ್ನೂ ಕೂಡಿಸಿ ಪೂರ್ತಿ ಲೈಕೆನ್ ಬೆಳೆಸಿಯೇಬಿಟ್ಟ. ಅದೇ ವರ್ಷ ಆಲ್ಬರ್ಟ್ ಫ್ರಾಂಕ್, ಧಣಿಯೋ ದಾಸನೋ ಎಂದು ಮೊದಲೇ ತೀರ್ಪು ಕೊಡದ ಒಂದು ಪದ ಬೇಕು ಎಂದು ಹೇಳಿ ಕೂಡಿ ಬಾಳುವುದಕ್ಕೆ ಒಂದು ತಟಸ್ಥ ಹೆಸರು ಸೂಚಿಸಿದ. ಮರುವರ್ಷ ಆಂಟನ್ ಡಿ ಬಾರಿ ಕಾಸೆಲ್‌ನಲ್ಲಿ ಮಾಡಿದ ಭಾಷಣದಲ್ಲಿ ಸಿಂಬಯೋಸಿಸ್ ಎಂಬ ಪದ ಜಗತ್ತಿಗೆ ಹರಡಿತು. ಗಮನಿಸಬೇಕಾದ ಮಾತೆಂದರೆ ಡಿ ಬಾರಿಯ ಅರ್ಥದಲ್ಲಿ ಪರಾವಲಂಬನೆಯೂ ಸಿಂಬಯೋಸಿಸ್‌ನ ಒಂದು ಬಗೆಯೇ. ಮಾವಿನ ಮರದ ಮೇಲೆ ಕೂತ ಬಂದಳಿಕೆಯೂ ಅದರಲ್ಲಿ ಸೇರುತ್ತದೆ. ಪರಸ್ಪರ ಲಾಭ ಎಂಬ ಸಿಹಿ ಆಮೇಲೆ ಬೆರೆತದ್ದು. ಕನ್ನಡದ ‘ಸಹಜೀವನ’ಕ್ಕೂ ಆ ಸಿಹಿ ಅಂಟಿಕೊಂಡೇ ಬಂದಿದೆ.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸಸ್ಯಗಳ ಹೆಸರಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಲೈಕೆನ್‌ಗೆ ಕೊಟ್ಟ ವೈಜ್ಞಾನಿಕ ಹೆಸರು ಶಿಲೀಂಧ್ರಕ್ಕೆ ಮಾತ್ರ ಸೇರಿದ್ದು. ಪಾಚಿಗೆ ಬೇರೆ ಹೆಸರು. ನಮ್ಮ ಕಲ್ಲುಹೂವಿನ ಪಾರ್ಮೊಟ್ರೀಮಾ ಪರ್ಲಾಟಮ್ ಎಂಬ ಹೆಸರು ಅದರೊಳಗಿನ ಶಿಲೀಂಧ್ರದ್ದು. ಹೊಲದಲ್ಲಿ ದುಡಿಯುವುದು ಇಬ್ಬರೂ, ಪಹಣಿಯಲ್ಲಿ ಹೆಸರು ಒಬ್ಬರದು.

ಇನ್ನು ಶಿಲೀಂಧ್ರದ ಕಡೆಯಿಂದ ಕಥೆ ನೋಡೋಣ. ಶಿಲೀಂಧ್ರಕ್ಕೆ ಬಿಸಿಲಿನಿಂದ ಅಡುಗೆ ಮಾಡಿಕೊಳ್ಳಲು ಬರುವುದಿಲ್ಲ. ಸತ್ತದ್ದನ್ನು ಕೊಳೆಸಿ ತಿನ್ನಬೇಕು, ಬದುಕಿದ್ದರ ಮೈಗೆ ಬೀಳಬೇಕು, ಇಲ್ಲವೇ ಅಡುಗೆ ಬರುವವರ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಸುಮಾರು 20,000 ಶಿಲೀಂಧ್ರ ಪ್ರಭೇದಗಳು ಪಾಚಿಯ ಜೊತೆಗೋ ಸಯನೋಬ್ಯಾಕ್ಟೀರಿಯಾದ ಜೊತೆಗೋ ಇಂಥ ಒಪ್ಪಂದದಲ್ಲಿವೆ. ಬಹುಪಾಲು ಆಸ್ಕೋಮೈಕೋಟಾ ಎಂಬ ಒಂದೇ ದೊಡ್ಡ ವಿಭಾಗದವು. ಈ ಒಪ್ಪಂದ ವಿಕಾಸದ ಹಾದಿಯಲ್ಲಿ ಒಂದು ಮುಚ್ಚಿದ ಗಲ್ಲಿ ಎಂದೇ ಬಹುಕಾಲ ಎಣಿಸಿದ್ದರು. ಕೊಳೆಸಿ ತಿನ್ನುತ್ತಿದ್ದ ಯಾವುದೋ ಶಿಲೀಂಧ್ರ ಪಾಚಿಗೆ ಗಂಟುಬೀಳುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯುತ್ತದೆ, ಹಿಂದೆ ಬರುವ ದಾರಿ ಇಲ್ಲ.

ಇದನ್ನು ಪರೀಕ್ಷಿಸುವ ಉಪಾಯ ಸಿಕ್ಕಿದ್ದು ಡಿಎನ್‌ಎ ಓದಲು ಬಂದ ಮೇಲೆ. ಆ ಉಪಾಯ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಒಂದು ಹಳಗನ್ನಡ ಕಾವ್ಯದ ಹತ್ತು ಓಲೆಗರಿ ಪ್ರತಿಗಳನ್ನು ಮುಂದಿಟ್ಟುಕೊಂಡ ಸಂಪಾದಕರು ಏನು ಮಾಡುತ್ತಾರೆ? ಯಾವ ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಇದೆಯೋ ಅವೆರಡೂ ಒಂದೇ ಮಾತೃಪ್ರತಿಯಿಂದ ಇಳಿದವು ಎಂದು ಊಹಿಸಿ ವಂಶವೃಕ್ಷ ಬರೆಯುತ್ತಾರೆ. ಕಳೆದುಹೋದ ಮೂಲದಲ್ಲಿ ಪಾಠ ಹೀಗಿದ್ದಿರಬಹುದು ಎಂದು ಹಿಂದಕ್ಕೆ ಸಾಗುತ್ತಾರೆ. ಜೀವವಿಜ್ಞಾನಿಗಳು ಓಲೆಗರಿಯ ಬದಲು ಎಲ್ಲ ಜೀವಕೋಶಗಳಲ್ಲಿರುವ ರೈಬೋಸೋಮ್‌ನ ಜೀನ್ ಹಿಡಿದುಕೊಂಡರು. 1995ರಲ್ಲಿ ಗಾರ್ಗಸ್ ಮತ್ತು ಸಂಗಡಿಗರು ಈ ವಿಧಾನದಿಂದ, ಲೈಕೆನ್ ಬದುಕು ಶಿಲೀಂಧ್ರಗಳಲ್ಲಿ ಕನಿಷ್ಠ ಐದು ಬಾರಿ ಬೇರೆ ಬೇರೆಯಾಗಿ ಹುಟ್ಟಿದೆ ಎಂದರು. ನೈಲ್ಯಾಂಡರ್ ಕಾಪಾಡಿಕೊಂಡು ಬಂದ ಕುಲದ ಕೊನೆಯ ಗೋಡೆ ಅಲ್ಲಿಗೆ ಬಿತ್ತು. ಲೈಕೆನ್ ಎಂಬುದು ಮನೆತನದ ಹೆಸರಲ್ಲ, ಕಸುಬಿನ ಹೆಸರು.

2001ರಲ್ಲಿ ನಿಜವಾದ ಬಾಂಬು ಬಿತ್ತು. ಫ್ರಾಂಸ್ವಾ ಲುಟ್ಝೋನಿ, ಮಾರ್ಕ್ ಪೇಗಲ್, ವಲೆರಿ ರೀಬ್ ಎಂಬ ಮೂವರು ನೇಚರ್ ಪತ್ರಿಕೆಯಲ್ಲಿ ಬರೆದ ಲೇಖನ ಗಲ್ಲಿಯ ಕಥೆಯನ್ನೇ ತಿರುಗಿಸಿಬಿಟ್ಟಿತು. ಅವರ ಲೆಕ್ಕದಲ್ಲಿ ಲೈಕೆನ್ ಬದುಕು ಹುಟ್ಟಿದ್ದು ಎಣಿಸಿದ್ದಕ್ಕಿಂತ ಕಡಿಮೆ ಸಲ, ಅದೂ ಬಹಳ ಹಿಂದೆ. ಕಳೆದುಹೋದದ್ದು ಹಲವು ಸಲ. ಇಂದು ಒಂಟಿಯಾಗಿ ಬದುಕುವ ದೊಡ್ಡ ದೊಡ್ಡ ಶಿಲೀಂಧ್ರ ವಂಶಗಳು ಪಾಚಿಯ ಜೊತೆ ಬಾಳಿ, ಆಮೇಲೆ ಮನೆಬಿಟ್ಟು ಹೋದವರ ಸಂತತಿ. ಆ ಪಟ್ಟಿಯಲ್ಲಿ ಪೆನಿಸಿಲಿಯಂ ಇತ್ತು, ಆಸ್ಪರ್‌ಜಿಲಸ್ ಇತ್ತು. ಬ್ರೆಡ್ಡಿನ ಮೇಲೆ, ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಬರುವ ಬೂಷ್ಟು. 1928ರಲ್ಲಿ ಫ್ಲೆಮಿಂಗ್ ಕಂಡ, ಕೋಟಿಗಟ್ಟಲೆ ಜನರನ್ನು ಬದುಕಿಸಿದ ಪೆನಿಸಿಲಿನ್‌ನ ಮೂಲ.

ಇದು ಜನರ ಮನಸ್ಸು ಹಿಡಿದದ್ದು ಸಹಜ. ಲೈಕೆನ್‌ಗಳು ರಾಸಾಯನಿಕಗಳ ಉಗ್ರಾಣ. ಬೇರೆಲ್ಲೂ ಅಪರೂಪವಾದ ನೂರಾರು ಸಂಯುಕ್ತಗಳು ಅವುಗಳಲ್ಲಿವೆ, ಬ್ಯಾಕ್ಟೀರಿಯಾ ಕೊಲ್ಲುವ ಅಸ್ನಿಕ್ ಆಮ್ಲವೂ ಅವುಗಳಲ್ಲೊಂದು. ನಿಧಾನವಾಗಿ ಬೆಳೆಯುವ, ಬಿಸಿಲಿಗೆ ಮೈಯೊಡ್ಡಿ ದಶಕಗಟ್ಟಲೆ ಬದುಕುವ ದೇಹಕ್ಕೆ ಕಾವಲು ಬೇಕು. ಆ ಕಾವಲಿಗೆಂದು ಕಲಿತ ವಿದ್ಯೆಯನ್ನು ಮನೆಬಿಟ್ಟ ಮಕ್ಕಳು ಒಯ್ದರು, ನಮ್ಮ ಔಷಧಿಯೂ ಅದರಿಂದಲೇ ಬಂತು ಎಂದು ಹೇಳುವ ಆಸೆ ಯಾರಿಗಿರುವುದಿಲ್ಲ? ನನಗೂ ಈ ಕಥೆ ಬಹಳ ಇಷ್ಟ. ಇಷ್ಟವಾದದ್ದರಿಂದಲೇ ಸ್ವಲ್ಪ ಅನುಮಾನದಿಂದ ನೋಡಬೇಕೆನಿಸುತ್ತದೆ. ಓಲೆಗರಿಗಳ ಕಷ್ಟ ಇಲ್ಲೂ ಇದೆ. ಹನ್ನೊಂದನೆಯ ಪ್ರತಿ ಸಿಕ್ಕರೆ ವಂಶವೃಕ್ಷ ಬದಲಾಗುತ್ತದೆ. ಒಪ್ಪಂದ ಮುರಿಯುವುದು ಸುಲಭ, ಕಟ್ಟುವುದು ಕಷ್ಟ ಎಂದು ಲೆಕ್ಕಕ್ಕೆ ಮೊದಲೇ ಹೇಳಿಕೊಟ್ಟರೆ ಪೂರ್ವಜರೆಲ್ಲ ಲೈಕೆನ್ ಆಗಿ ಕಾಣುತ್ತಾರೆ. ಎರಡೂ ಅಷ್ಟೇ ಸುಲಭ ಎಂದರೆ ಚಿತ್ರ ಬೇರೆ. ಮುಂದೆ ಹೆಚ್ಚು ಪ್ರಭೇದಗಳು, ಹೆಚ್ಚು ಜೀನುಗಳು ಸೇರಿದಂತೆ, ಹಲವು ಸಲ ಕಟ್ಟಿದ್ದೂ ಹಲವು ಸಲ ಮುರಿದದ್ದೂ ಎರಡೂ ನಿಜ ಎಂಬಲ್ಲಿಗೆ ಮಾತು ಬಂದು ನಿಂತಿತು. ಪೆನಿಸಿಲಿಯಂನ ಅಜ್ಜ ಲೈಕೆನ್ ಎಂಬುದು ಈಗ ಒಂದು ಸಾಧ್ಯತೆ ಮಾತ್ರ.

ಇನ್ನೊಂದು ಆಸೆಯ ಕಥೆ ಕಾಲದ್ದು. ಬರೀ ಬಂಡೆಯಿದ್ದ ಭೂಮಿಗೆ ಗಿಡಗಳಿಗಿಂತ ಮೊದಲು ಬಂದವು ಲೈಕೆನ್‌ಗಳು, ಅವೇ ಕಲ್ಲು ಕರಗಿಸಿ ಮಣ್ಣು ಮಾಡಿದವು ಎಂಬುದು ಎಷ್ಟೋ ಪಠ್ಯಪುಸ್ತಕಗಳಲ್ಲಿದೆ. ಇಂದಿನ ಬೋಳು ಬಂಡೆಯ ಮೇಲೆ ಲೈಕೆನ್ ಮೊದಲು ಬರುವುದನ್ನು ನೋಡಿ ಅಂದೂ ಹಾಗೆಯೇ ಆಗಿರಬೇಕು ಎಂದುಕೊಂಡರು. 1994ರಲ್ಲಿ ಗ್ರೆಗರಿ ರಿಟಾಲಕ್ ಇನ್ನೂ ಮುಂದೆ ಹೋಗಿ, ಪ್ರಾಣಿಗಳ ಯುಗಕ್ಕೂ ಹಿಂದಿನ ಎಡಿಯಾಕರ ಪಳೆಯುಳಿಕೆಗಳೇ ಲೈಕೆನ್‌ಗಳಿರಬಹುದು ಎಂದರು. ಹೆಚ್ಚಿನವರು ಒಪ್ಪಲಿಲ್ಲ. ಚೀನಾದ ದೌಶಾಂತುವೊ ಶಿಲೆಗಳಲ್ಲಿ ಸುಮಾರು 60 ಕೋಟಿ ವರ್ಷ ಹಿಂದಿನ, ಎಳೆ ಮತ್ತು ಗುಂಡುಗಳು ಜೊತೆಗಿರುವ ಪಳೆಯುಳಿಕೆ 2005ರಲ್ಲಿ ವರದಿಯಾಯಿತು. ಜೊತೆಗಿದ್ದ ಮಾತ್ರಕ್ಕೆ ದೇಹ ಹಂಚಿಕೊಂಡಿದ್ದವೆಂದು ಅರ್ಥವಲ್ಲವಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಸುಮಾರು 40 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಶಿಲೀಂಧ್ರದ ಜಾಲ, ಅದರ ಗುಳಿಗಳಲ್ಲಿ ಸಯನೋಬ್ಯಾಕ್ಟೀರಿಯಾ ಇರುವ ವಿನ್‌ಫ್ರೆನೇಷಿಯ ಸಿಕ್ಕಿದೆ. ಇನ್ನೂ ಸ್ಪಷ್ಟವಾದದ್ದು ವೇಲ್ಸ್‌ನ ಗಡಿಯಲ್ಲಿ ಸಿಕ್ಕ, ಸುಮಾರು 41.5 ಕೋಟಿ ವರ್ಷದ ಇದ್ದಲಾದ ಚೂರುಗಳು. ರೊಸ್ಮರಿ ಹೊನೆಗರ್ ಮತ್ತು ಸಂಗಡಿಗರು 2013ರಲ್ಲಿ ವಿವರಿಸಿದ ಈ ಚೂರುಗಳಲ್ಲಿ ಇಂದಿನ ಲೈಕೆನ್‌ನಂತೆಯೇ ಪದರಗಳಿವೆ. ಆ ಹೊತ್ತಿಗಾಗಲೇ ನಾಳಗಳಿರುವ ಗಿಡಗಳು ನೆಲದ ಮೇಲಿದ್ದವು.

2019ರಲ್ಲಿ ಮ್ಯಾಥ್ಯೂ ನೆಲ್ಸನ್ ಮತ್ತು ಸಂಗಡಿಗರು ಇಂದು ಬದುಕಿರುವ ಲೈಕೆನ್ ವಂಶಗಳ ವಯಸ್ಸನ್ನು ಶಿಲೀಂಧ್ರದ ಕಡೆಯಿಂದಲೂ ಪಾಚಿಯ ಕಡೆಯಿಂದಲೂ ಲೆಕ್ಕಹಾಕಿದರು. ನಾಳಗಳಿರುವ ಗಿಡಗಳಿಗಿಂತ ಮೊದಲು ಲೈಕೆನ್ ಇತ್ತು ಎನ್ನಲು ಆಧಾರ ಸಿಗಲಿಲ್ಲ. ಅಳಿದುಹೋದ ವಂಶಗಳು ಏನು ಮಾಡಿದ್ದವೋ ಅವರ ಲೆಕ್ಕಕ್ಕೆ ಸಿಗದು, ಅದು ಬೇರೆ ಮಾತು. ಆದರೂ ಬೋಳು ಭೂಮಿಗೆ ಮೊದಲು ಕಾಲಿಟ್ಟ ಜೋಡಿ ಎಂಬ ಚಿತ್ರವನ್ನು ನಾನಂತೂ ಸದ್ಯ ಗೋಡೆಯಿಂದ ಇಳಿಸಿಟ್ಟಿದ್ದೇನೆ.

ಹಾಗಾದರೆ ಈ ಬಾಳುವೆ ಶಿಲೀಂಧ್ರವನ್ನು ಬದಲಿಸಲೇ ಇಲ್ಲವೇ? ಬದಲಿಸಿದೆ, ಮೊದಲಿಗೆ ಅದರ ದೇಹವನ್ನು. ಶಿಲೀಂಧ್ರ ಸಾಮಾನ್ಯವಾಗಿ ಮಣ್ಣಿನಲ್ಲೋ ಮರದೊಳಗೋ ಅಡಗಿ ಬದುಕುತ್ತದೆ. ಅಣಬೆ ಹೊರಗೆ ಕಾಣುವುದು ನಾಲ್ಕು ದಿನ. ಲೈಕೆನ್ ಆದ ಶಿಲೀಂಧ್ರ ಮಾತ್ರ ಬಯಲಿಗೆ ಬಂದು, ಬಿಸಿಲಿಗೆ ಎಲೆಯ ಹಾಗೆ ಮೈ ಹರಡುತ್ತದೆ: ಮೇಲೆ ಗಟ್ಟಿ ಪದರ, ಅದರ ಕೆಳಗೆ ಪಾಚಿ, ಇನ್ನೂ ಕೆಳಗೆ ಗಾಳಿಯಾಡುವ ಸಡಿಲ ಹೆಣಿಗೆ. ಪಾಚಿಯಿಲ್ಲದೆ ಅದೇ ಶಿಲೀಂಧ್ರವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಆಕಾರವಿಲ್ಲದ ಮುದ್ದೆ. ಊಟದ ಕ್ರಮವೂ ಬದಲಾಯಿತು. ಆಕ್ಸ್‌ಫರ್ಡ್‌ನ ಡೇವಿಡ್ ಸ್ಮಿತ್ 1960ರ ದಶಕದಲ್ಲಿ ವಿಕಿರಣಶೀಲ ಇಂಗಾಲ ಬಳಸಿ, ಪಾಚಿ ತಯಾರಿಸಿದ ಸಕ್ಕರೆ ಸೋರಿ ಶಿಲೀಂಧ್ರಕ್ಕೆ ಹೋಗುವುದನ್ನು ಅಳೆದರು. ಹಸಿರು ಪಾಚಿಯಾದರೆ ರೈಬಿಟಾಲ್‌ನಂಥ ಸಕ್ಕರೆ ಮದ್ಯಸಾರಗಳು, ಸಯನೋಬ್ಯಾಕ್ಟೀರಿಯಾ ಆದರೆ ಗ್ಲೂಕೋಸ್. ಪಾಚಿಯನ್ನು ಬಿಡಿಸಿ ಹೊರಗಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸೋರುವಿಕೆ ನಿಲ್ಲುತ್ತದೆ. ಇದನ್ನು ಬೇಸಾಯ ಎನ್ನಬೇಕೋ ಗೇಣಿ ವಸೂಲಿ ಎನ್ನಬೇಕೋ? ಕೆನಡಾದ ಟ್ರೆವರ್ ಗೊವರ್ಡ್ ಲೈಕೆನ್‌ಗಳನ್ನು ಬೇಸಾಯ ಕಂಡುಕೊಂಡ ಶಿಲೀಂಧ್ರಗಳು ಎಂದು ಕರೆದದ್ದು ಪ್ರಸಿದ್ಧ. ಚೆಂದದ ಮಾತು. ಬೆಳೆಗೆ ಏನನ್ನಿಸುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ವಿಷಯ. ಹಲವು ಲೈಕೆನ್‌ಗಳು ಶಿಲೀಂಧ್ರ ಎಳೆ ಸುತ್ತಿದ ಪಾಚಿಯ ಪುಡಿ ಉದುರಿಸಿ ಜೋಡಿಯಾಗಿಯೇ ಹರಡುತ್ತವೆ. ಆದರೆ ಶಿಲೀಂಧ್ರ ಲೈಂಗಿಕವಾಗಿ ಬೀಜಕಣ ಹಾರಿಸಿದಾಗ ಅದರಲ್ಲಿ ಪಾಚಿ ಇರುವುದಿಲ್ಲ. ಬರಿಗೈಯಲ್ಲಿ ಹೋದ ಕಣ, ಬಿದ್ದ ಕಡೆ ಹೊಸ ಪಾಚಿಯನ್ನು ಹುಡುಕಿಕೊಳ್ಳಬೇಕು. ಅಂದರೆ ಕೋಟ್ಯಂತರ ವರ್ಷಗಳ ಈ ಹೊಂದಾಣಿಕೆ ಪ್ರತಿ ತಲೆಮಾರಿನಲ್ಲೂ ಮುರಿದು ಮತ್ತೆ ಕೂಡುತ್ತದೆ. ಕೂಡುವ ರೀತಿ ಯಾವಾಗಲೂ ಸಭ್ಯವಾಗಿರುವುದಿಲ್ಲ. ಗೋಡೆ, ಮರಗಳ ಮೇಲೆ ಅರಿಶಿನ ಬಣ್ಣಕ್ಕೆ ಹರಡುವ ಯೂರೋಪಿನ ಕ್ಸಾಂತೋರಿಯಾದ ಎಳೆಯ ಶಿಲೀಂಧ್ರ ನೆರೆಯ ಫಿಸಿಯಾ ಲೈಕೆನ್‌ನೊಳಗೆ ನುಗ್ಗಿ ಅದರ ಪಾಚಿಯನ್ನು ಕದಿಯಬಲ್ಲದು ಎಂದು 1987ರಲ್ಲಿ ಗೊತ್ತಾಯಿತು. ಡಿಪ್ಲೊಸ್ಕಿಸ್ಟಿಸ್ ಎಂಬುದು ಕ್ಲಾಡೋನಿಯಾದ ಮೈಮೇಲೆ ಪರಾವಲಂಬಿಯಾಗಿ ಶುರುಮಾಡಿ, ಅದರ ಪಾಚಿಯಿಂದಲೇ ಸಂಸಾರ ಹೂಡಿ, ದೊಡ್ಡದಾದ ಮೇಲೆ ಆ ಪಾಚಿಯನ್ನು ಬಿಟ್ಟು ಬೇರೆಯದನ್ನು ತಂದುಕೊಳ್ಳುತ್ತದೆ. ಡಿ ಬಾರಿ ಪರಾವಲಂಬನೆಯನ್ನು ತನ್ನ ಪದದೊಳಗೇ ಇಟ್ಟುಕೊಂಡದ್ದು ಎಷ್ಟು ಸರಿಯಾಗಿತ್ತು!

ಕೂಡುವುದು ಅಷ್ಟು ಕಷ್ಟವೂ ಅಲ್ಲ ಎಂದು ತೋರಿಸಿದ ಪ್ರಯೋಗ 2014ರದ್ದು. ಎರಿಕ್ ಹಾಮ್ ಮತ್ತು ಆಂಡ್ರ್ಯೂ ಮರೆ ಬ್ರೆಡ್ ಹುದುಗಿಸುವ ಯೀಸ್ಟನ್ನೂ ಕ್ಲಮೈಡೊಮೊನಸ್ ಎಂಬ ಕೊಳದ ಪಾಚಿಯನ್ನೂ ಗಾಳಿಯಾಡದ ಸೀಸೆಯಲ್ಲಿ ಕೂಡಿಹಾಕಿದರು. ಎರಡಕ್ಕೂ ಹಿಂದಿನ ಪರಿಚಯವಿರಲಿಲ್ಲ. ಯೀಸ್ಟ್ ಸಕ್ಕರೆ ತಿಂದು ಬಿಟ್ಟ ಇಂಗಾಲದ ಡೈಆಕ್ಸೈಡ್ ಪಾಚಿಗೆ, ಪಾಚಿ ನೈಟ್ರೈಟನ್ನು ಒಡೆದು ಕೊಟ್ಟ ಅಮೋನಿಯಾ ಯೀಸ್ಟಿಗೆ. ಬೇರೆ ದಾರಿಯಿಲ್ಲದಾಗ ಇಬ್ಬರೂ ಒಬ್ಬರನ್ನೊಬ್ಬರು ಸಾಕಿದರು.

ಇಬ್ಬರು ಎಂಬ ಲೆಕ್ಕವೂ 2016ರಲ್ಲಿ ಅಲುಗಿತು. ಉತ್ತರ ಅಮೆರಿಕದ ಪಶ್ಚಿಮದ ಕಾಡುಗಳಲ್ಲಿ ಮರದಿಂದ ಕೂದಲಿನಂತೆ ಇಳಿಬಿದ್ದ ಎರಡು ಬ್ರಯೋರಿಯಾ ಲೈಕೆನ್‌ಗಳಿವೆ. ಕಂದು ಬಣ್ಣದ್ದನ್ನು ಅಲ್ಲಿನ ಮೂಲನಿವಾಸಿಗಳು ನೆಲದ ಗುಂಡಿಯಲ್ಲಿ ಬೇಯಿಸಿ ತಿನ್ನುತ್ತಿದ್ದರು. ಹಳದಿ ಛಾಯೆಯದು ವಲ್ಪಿನಿಕ್ ಆಮ್ಲದಿಂದ ವಿಷ. ಜೀನು ಓದಿದರೆ ಎರಡರಲ್ಲೂ ಅದೇ ಶಿಲೀಂಧ್ರ, ಅದೇ ಪಾಚಿ. ಒಂದೇ ಗಂಡ, ಒಂದೇ ಹೆಂಡತಿ, ಒಂದು ಮನೆಯ ಅಡುಗೆ ಊಟ, ಇನ್ನೊಂದರದು ವಿಷ! ಟೋಬಿ ಸ್ಪ್ರಿಬಿಲ್ ಮತ್ತು ಸಂಗಡಿಗರು ಹುಡುಕಿದಾಗ ಮೇಲಿನ ಪದರದಲ್ಲಿ ಮೂರನೆಯವರು ಸಿಕ್ಕರು. ಅದು ಬೇರೆ ವಿಭಾಗಕ್ಕೆ ಸೇರಿದ ಒಂದು ಯೀಸ್ಟ್, ಹಳದಿ ಲೈಕೆನ್‌ನಲ್ಲಿ ಹೆಚ್ಚಾಗಿತ್ತು. ನೂರೈವತ್ತು ವರ್ಷ ಸೂಕ್ಷ್ಮದರ್ಶಕದಡಿ ನೋಡಿದವರ ಕಣ್ಣಿಗೆ ಬೀಳದ ಬಾಡಿಗೆದಾರ. ಪತ್ರಿಕೆಗಳು ಇದನ್ನು ಕೊಂಡಾಡಿದವು. 2019ರಲ್ಲಿ 339 ಪ್ರಭೇದಗಳನ್ನು ಜಾಲಾಡಿದ ಇನ್ನೊಂದು ತಂಡ, ಈ ಯೀಸ್ಟ್ ಎಲ್ಲ ಲೈಕೆನ್‌ಗಳಲ್ಲೂ ಇಲ್ಲ ಎಂದಿತು. ಅದು ಪಾಲುದಾರನೋ ಬಂದು ಹೋಗುವ ನೆಂಟನೋ ಎಂಬ ಜಗಳ ನಡೆದಿದೆ.

ಇವೆಲ್ಲದರ ನಡುವೆ ನಾನು ಮತ್ತೆ ಮತ್ತೆ ಓದುವುದು ಅಷ್ಟೇನೂ ಸದ್ದು ಮಾಡದ 2004ರ ಒಂದು ಲೇಖನವನ್ನು. ಸ್ವೀಡನ್ನಿನ ಮ್ಯಾಟ್ಸ್ ವೆಡಿನ್ ಮತ್ತು ಜೊತೆಗಾರರು ಬರೆದದ್ದು. ಅಲ್ಲಿನ ಆಸ್ಪೆನ್ ಮರಗಳ ತೊಗಟೆಯ ಮೇಲೆ ಒಂದು ಲೈಕೆನ್ ಬೆಳೆಯುತ್ತದೆ. ಅದೇ ಮರಗಳ ತೊಗಟೆ ಕಳಚಿದ ಸತ್ತ ಕಟ್ಟಿಗೆಯ ಮೇಲೆ, ಪಾಚಿಯ ಸಹವಾಸವಿಲ್ಲದೆ, ಕೊಳೆಸಿ ತಿನ್ನುವ ಒಂದು ಶಿಲೀಂಧ್ರ ಬೆಳೆಯುತ್ತದೆ. ಪುಸ್ತಕಗಳಲ್ಲಿ ಒಂದಕ್ಕೆ ಕೊನೊಟ್ರೀಮಾ ಎಂದು ಹೆಸರು, ಇನ್ನೊಂದಕ್ಕೆ ಸ್ಟಿಕ್ಟಿಸ್. ಒಂದನ್ನು ಲೈಕೆನ್ ತಜ್ಞರು ವಿವರಿಸಿದ್ದರು, ಇನ್ನೊಂದನ್ನು ಶಿಲೀಂಧ್ರ ತಜ್ಞರು. ಜೀನು ಓದಿದಾಗ ಎರಡು ಕುಲಗಳ ನಡುವಿನ ಗೆರೆ ಅಳಿಸಿಹೋಯಿತು. ಅಷ್ಟೇ ಅಲ್ಲ, ಒಂದೇ ಪ್ರಭೇದ ಎರಡೂ ಕಡೆ ಎರಡು ಬಗೆಯಲ್ಲಿ ಬದುಕುವುದು ಕಂಡಿತು. ಬೀಜಕಣ ತೊಗಟೆಯ ಮೇಲೆ ಬಿದ್ದರೆ ಪಾಚಿಯ ಜೊತೆ ಸಂಸಾರ ಹೂಡುತ್ತದೆ, ಗೇಣು ದೂರದ ಒಣಕಟ್ಟಿಗೆಯ ಮೇಲೆ ಬಿದ್ದರೆ ಒಂಟಿಯಾಗಿ ಮರವನ್ನು ಕೊಳೆಸುತ್ತಾ ಕೂರುತ್ತದೆ.